ಅವನ ತಲೆಯ ಮೇಲಿನ ಮನೆ

ಅಜ್ಜಿ ಸಾಯುವುದಕ್ಕೆ ಹನ್ನೊಂದು ದಿನ ಮೊದಲು ನಮ್ಮ ತಲೆಯ ಮೇಲಿನ ಮನೆಯಲ್ಲಿ ನೆಲ ಒಡೆಯುವ ಕೆಲಸ ಶುರುವಾಯಿತು.

ನಾವಿದ್ದದ್ದು ಮೂರಂತಸ್ತಿನ ಕಟ್ಟಡದ ಕೆಳಗಿನ ಮನೆಯಲ್ಲಿ, ಬಾಡಿಗೆಗೆ. ಮೊದಲನೇ ಮಹಡಿ ಟೈಲ್ಸ್ ಅಂಗಡಿಯವನ ಸ್ವಂತದ್ದು. ಎರಡನೆಯದರಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ಕೆಲಸದಿಂದ ನಿವೃತ್ತಿಯಾದ ಮೇಲೂ ಕಟ್ಟಡದವರಿಗೆಲ್ಲ ಇಂಜೆಕ್ಷನ್ ಚುಚ್ಚುತ್ತಿದ್ದವರು. ನಮ್ಮಜ್ಜಿಗೆ ದಿನಕ್ಕೆರಡು ಸಲ ಕೊಡುತ್ತಿದ್ದವರೂ ಅವರೇ.

ಟೈಲ್ಸ್ ಅಂಗಡಿಯವನಿಗೆ ಹಳೆಯ ನೆಲ ಬೇಸರವಾಗಿತ್ತಂತೆ. ನಾಲ್ಕು ಜನ ಕೆಲಸದವರು ಬೆಳಿಗ್ಗೆ ಎಂಟಕ್ಕೆ ಸುತ್ತಿಗೆ ಹಿಡಿದರೆ ಸಂಜೆ ಆರಕ್ಕೆ ಕೆಳಗಿಡುತ್ತಿದ್ದರು. ಅಜ್ಜಿಯ ಮಂಚ ಸರಿಯಾಗಿ ಆ ಹೊಡೆತದ ಕೆಳಗಿತ್ತು. ಇರುವುದು ಎರಡೇ ಕೋಣೆ, ಎಲ್ಲಿಗೆ ಎಳೆದರೂ ಅಷ್ಟೇ. ಪ್ರತಿ ಏಟಿಗೂ ಅವರ ರೆಪ್ಪೆ ಅದುರುತ್ತಿತ್ತು. ಮಾತು ನಿಂತುಹೋಗಿತ್ತು, ಕಿವಿ ಮಾತ್ರ ಚುರುಕಾಗಿತ್ತು.

ಮೂರನೇ ದಿನ ಅಪ್ಪ ಮೇಲೆ ಹೋದರು. ನಾನೂ ಬೆನ್ನಿಗೇ ಹೋದೆ. ಆಗ ನನಗೆ ಹನ್ನೆರಡು. ಅಪ್ಪನದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಗಾಜು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಒಪ್ಪದ ಮನುಷ್ಯ. ಆದರೆ ಯಾರೆದುರಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಡಾಕ್ಟರು ಇನ್ನು ಕೆಲವೇ ದಿನ ಅಂದಿದ್ದಾರೆ, ಅಷ್ಟು ದಿನ ಕೆಲಸ ನಿಲ್ಲಿಸಲಾಗುತ್ತದೆಯೇ ಎಂದು ಕೈ ಮುಗಿದು ಕೇಳಿದರು. ಆತ ಬಾಗಿಲಿಗೆ ಒರಗಿಕೊಂಡು ನಕ್ಕ.

"ಕೂಲಿ ಕೊಟ್ಟು ಕರ್ಸಿದ್ದೀನಿ, ಸುಮ್ನೆ ಕೂರಿಸ್ಲಾ? ಸದ್ದು ಆಗಲ್ಲ ಅಂದ್ರೆ ನಮ್ಮ ಮೇಲಿನ ಮನೆ ತಗೊಳ್ಳಿ ಸಾರ್. ಮೇಲಿರೋರಿಗೆ ತೊಂದ್ರೆ ಇರಲ್ಲ."

ಕೆಲಸದವರೂ ನಕ್ಕರು. ಅಪ್ಪ ಮುಗಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ಹಿಡಿದುಕೊಂಡು ಮೆಟ್ಟಿಲಿಳಿದರು. ಅಜ್ಜಿಯ ಉಸಿರು ನಿಂತಾಗಲೂ, ಹೆಣ ಹೊರಗೆ ಸಾಗಿಸುವಾಗಲೂ ಮೇಲೆ ಸುತ್ತಿಗೆ ನಿಲ್ಲಲಿಲ್ಲ.

ಆ ಬಾಗಿಲಲ್ಲಿ ನಡೆದದ್ದನ್ನು ಅಮ್ಮನಿಗೆ ಹೇಳಿದವಳು ನಾನು. ಅಮ್ಮ ಅಳಲಿಲ್ಲ. ಮರುವಾರ ನರ್ಸಮ್ಮನ ಮನೆಗೆ ಹೋಗಿ, ಈ ಮನೆ ಯಾವಾಗಾದರೂ ಮಾರುವುದಾದರೆ ನಮಗೇ ಕೊಡಬೇಕು ಎಂದು ಕೇಳಿದರು. ನರ್ಸಮ್ಮನಿಗೆ ಮಂಡಿ ನೋವು, ಎಂದಾದರೂ ತಂಗಿಯ ಊರಿಗೆ ಹೋಗುವವರೇ. ಯಾಕೆ ಎಂದು ಕೇಳಲಿಲ್ಲ. ಆ ಹನ್ನೊಂದು ದಿನ ಸಿರಿಂಜು ಹಿಡಿದು ಅದೇ ಸದ್ದಿನ ಕೆಳಗೆ ನಿಂತವರು ಅವರು. ನೀವು ಬರೋವರೆಗೂ ಕಾಯ್ತೀನಿ ಅಂದರಂತೆ.

ಅಲ್ಲಿಂದ ಏಳು ವರ್ಷ ನಮ್ಮ ಮನೆಯಲ್ಲಿ ಬಿಗಿ ಹಿಡಿದದ್ದೇ ಹಿಡಿದದ್ದು. ಅಪ್ಪ ಬಸ್ಸು ಬಿಟ್ಟು ನಡೆದೇ ಕೆಲಸಕ್ಕೆ ಹೋದರು, ಮುಕ್ಕಾಲು ಗಂಟೆ ಹೋಗಲು, ಮುಕ್ಕಾಲು ಗಂಟೆ ಬರಲು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ತಮ್ಮ ಪಾಳಿಯ ಮೇಲೆ ಇನ್ನೊಬ್ಬರ ಪಾಳಿಯನ್ನೂ ಹೊತ್ತರು. ಸವೆದ ಸೋಪಿನ ಚೂರುಗಳನ್ನು ಹಳೆಯ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ ಸ್ನಾನಕ್ಕಿಡುತ್ತಿದ್ದರು. ತಮ್ಮನ ಶೂ ಚಿಕ್ಕದಾದಾಗ ಹೊಸದು ಬರಲಿಲ್ಲ, ಹೆಬ್ಬೆರಳಿನ ಜಾಗ ಕತ್ತರಿಸಿಕೊಟ್ಟರು. ನಮ್ಮೆಲ್ಲರ ಕೂದಲನ್ನೂ ಅಪ್ಪನೇ ಕತ್ತರಿಸುತ್ತಿದ್ದರು; ಗಾಜು ಅಳೆದ ಹಾಗೆ ಅಳೆದು ಅಳೆದು, ಕೊನೆಗೆ ಅಮ್ಮ, ನಾನು, ತಮ್ಮ ಮೂವರೂ ತಲೆಗೆ ಒಂದೇ ಬಟ್ಟಲು ಕವುಚಿ ಕತ್ತರಿಸಿದವರಂತೆ ಕಾಣುತ್ತಿದ್ದೆವು. ನನಗೆ ಕಣ್ಣು ಮಂಜಾದಾಗ ಗಿರಾಕಿಯೊಬ್ಬರು ಬೇಡವೆಂದು ಬಿಟ್ಟುಹೋದ ಗಂಡಸರ ಫ್ರೇಮು ಸಿಕ್ಕಿತು. ತರಗತಿಯವರು ನನ್ನನ್ನು ಲೆಕ್ಕದ ಮೇಷ್ಟ್ರು ಅಂತ ಕರೆದರು. ಸಮುದ್ರ ನೋಡಲು ಶಾಲೆಯವರೆಲ್ಲ ಹೊರಟ ದಿನ ನನಗೆ ಜ್ವರ ಬಂದಿದೆ ಎಂದು ಅಮ್ಮ ಚೀಟಿ ಬರೆದುಕೊಟ್ಟರು. ನಾನು ಅತ್ತೆ. ಅಮ್ಮ ಮೇಲೆ ಛಾವಣಿ ನೋಡಿದರು, ಅಷ್ಟೇ. ನಾನು ಕಣ್ಣೊರೆಸಿಕೊಂಡೆ.

ಕಟ್ಟಡದವರು ಬೆನ್ನ ಹಿಂದೆ ಜಿಪುಣರ ಮನೆ ಅನ್ನುತ್ತಿದ್ದರು. ಒಮ್ಮೆ ನನ್ನ ಸೋದರಮಾವ ಬಂದವನು ಹಾಲಿಲ್ಲದ ಚಹಾ ಕುಡಿದು, ಹೊಟ್ಟೆಬಟ್ಟೆ ಕಟ್ಟಿ ಹೀಗೆ ಕೂಡಿಟ್ಟು ಏನಕ್ಕಾ ಮಾಡ್ತೀಯ ಎಂದು ಕೇಳಿದ. ಮೇಲೆ ಹೋಗಬೇಕು ಕಣೋ ಎಂದರು ಅಮ್ಮ. ಮಾವನ ಮುಖ ಬಿಳಿಚಿಕೊಂಡಿತು. ಅಕ್ಕನಿಗೆ ಏನೋ ವಾಸಿಯಾಗದ ಕಾಯಿಲೆ ಎಂದು ತಿಂಗಳುಗಟ್ಟಲೆ ನಂಬಿದ್ದ, ಪಾಪ.

ಅಪ್ಪ ಮಾತ್ರ ಇದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಅಮ್ಮನ ಹಟಕ್ಕೆ ಗೋಣು ಹಾಕುತ್ತಿದ್ದಾರೆ ಅಂದುಕೊಂಡಿದ್ದೆ.

ಎಂಟನೇ ವರ್ಷದ ಮೊದಲಲ್ಲಿ ನರ್ಸಮ್ಮ ತಂಗಿಯ ಊರಿಗೆ ಹೊರಟರು. ಮನೆ ನಮ್ಮದಾಯಿತು. ಸಾಮಾನು ಹೊತ್ತುಕೊಂಡು ಟೈಲ್ಸ್ ಅಂಗಡಿಯವನ ಬಾಗಿಲು ದಾಟಿ ಮೇಲೆ ಹತ್ತಿದೆವು. ಅಮ್ಮ ಆಗಲೇ ಎಲ್ಲ ಯೋಚಿಸಿಟ್ಟಿದ್ದರು: ಮನೆಯೊಳಗೆ ಮರದ ಚಪ್ಪಲಿ, ಬೆಳಗಾಗುತ್ತಲೇ ಕಬ್ಬಿಣದ ಮಂಚ ಎಳೆದಾಟ, ತಮ್ಮನಿಗೆ ಹಗ್ಗದಾಟ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು.

"ಅದೆಲ್ಲ ಮಕ್ಕಳಾಟ," ಅಂದರು. "ನೀನು ಸುಮ್ನಿರು."

ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಒಟ್ಟಿಗೆ ಹನ್ನೊಂದು ದಿನ ರಜೆ ಹಾಕಿದರು. ಗಾರೆ ಕೆಲಸದವನೊಬ್ಬನಿಂದ ಉಳಿ, ಸುತ್ತಿಗೆ ತಂದರು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ನಡುಮನೆಯ ಮೂಲೆಯಲ್ಲಿ ಮಂಡಿಯೂರಿ ಕೂತು, ನಮ್ಮದೇ ಮನೆಯ, ಏಳು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಮನೆಯ ನೆಲವನ್ನು ಒಡೆಯತೊಡಗಿದರು.

ಅಮ್ಮನೂ ಬೆಚ್ಚಿದರು. ನೆಲ ಚೆನ್ನಾಗೇ ಇತ್ತು. ಮತ್ತೆ ಹಾಸಲು ನಮ್ಮ ಕೈಯಲ್ಲಿ ಕಾಸಿರಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. ಆತುರವಿಲ್ಲ, ಸಿಟ್ಟಿಲ್ಲ, ಒಂದು ಏಟು, ಸ್ವಲ್ಪ ಬಿಡುವು, ಇನ್ನೊಂದು ಏಟು. ಮಧ್ಯಾಹ್ನ ಅರ್ಧ ಗಂಟೆ ಊಟ. ಸಂಜೆ ಆರಕ್ಕೆ ಮುಗಿಸಿ ಚೂರುಗಳನ್ನು ಗುಡಿಸಿ ಚೀಲಕ್ಕೆ ತುಂಬಿದರು. ಅಂಗೈ ತುಂಬ ಬೊಬ್ಬೆ.

ಮೂರನೇ ದಿನ ಟೈಲ್ಸ್ ಅಂಗಡಿಯವನು ಮೇಲೆ ಬಂದ. ಕೂದಲಿಗೆ ಬಣ್ಣ, ಮುಂದೆ ಬಂದ ಹೊಟ್ಟೆ. ತನಗೆ ಬಿಪಿ ಇದೆ, ಛಾವಣಿಯ ಸುಣ್ಣ ಸೋಫಾದ ಮೇಲೆಲ್ಲ ಉದುರುತ್ತಿದೆ ಎಂದ. ಆಮೇಲೆ ಧ್ವನಿ ತಗ್ಗಿಸಿದ.

"ನಾಲ್ಕು ಹುಡುಗ್ರನ್ನ ಕಳಿಸ್ತೀನಿ ಸಾರ್, ಒಂದೇ ದಿನದಲ್ಲಿ ಒಡೆದು ಮುಗಿಸ್ತಾರೆ. ಹೊಸ ಟೈಲ್ಸೂ ನಾನೇ ಹಾಕಿಸ್ಕೊಡ್ತೀನಿ. ದುಡ್ಡೇ ಬೇಡ."

ಅಮ್ಮ ನನ್ನ ಕಡೆ ನೋಡಿದರು. ಅಪ್ಪ ಈಗ ಕರಗಿಬಿಡುತ್ತಾರೆ ಎಂದು ಇಬ್ಬರಿಗೂ ಅನ್ನಿಸಿತ್ತು. ಅಪ್ಪ ಉಳಿಯನ್ನು ಪಕ್ಕಕ್ಕಿಟ್ಟು ಎದ್ದು ನಿಂತರು.

"ನಮ್ಮಮ್ಮನಿಗೆ ಹನ್ನೊಂದು ದಿನ ಆಗಿತ್ತು. ನಿಮಗೆ ಇವತ್ತಿಗೆ ಮೂರು."

"ಯಾವ ಅಮ್ಮ?" ಎಂದ ಆತ.

ಅವನಿಗೆ ನೆನಪೇ ಇರಲಿಲ್ಲ. ನಾವು ಏಳು ವರ್ಷ ಅವನ ನಗುವನ್ನು ತಿಂದುಕೊಂಡೇ ಬದುಕಿದ್ದೆವು. ಅವನು ಅದನ್ನು ಅವತ್ತೇ ಮರೆತಿದ್ದ. ಅಪ್ಪ ಎಲ್ಲವನ್ನೂ ಹೇಳಿದರು. ಮಂಚ ಎಲ್ಲಿತ್ತು, ರೆಪ್ಪೆ ಹೇಗೆ ಅದುರುತ್ತಿತ್ತು, ಆತ ಬಾಗಿಲಿನ ಯಾವ ಪಕ್ಕಕ್ಕೆ ಒರಗಿದ್ದ, ಯಾರ್ಯಾರು ನಕ್ಕರು. ಕೇಳುತ್ತ ಕೇಳುತ್ತ ಆತನ ಕೈಗಳು ತಾವಾಗಿಯೇ ಕೂಡಿಕೊಂಡವು.

"ಅದು ಮಾಡ್ಬೇಡಿ," ಅಂದರು ಅಪ್ಪ. "ನಾನೂ ಮುಗಿದು ನೋಡಿದ್ದೀನಿ. ಅದರಿಂದ ಏನೂ ಆಗಲ್ಲ."

ಬಾಗಿಲು ಹಾಕಿ ಬಂದು ಉಳಿ ಎತ್ತಿಕೊಂಡರು.

ಆರನೇ ದಿನ ಗಂಡ ಹೆಂಡತಿ ಮನೆಗೆ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋದರು. ಕೆಳಗೆ ಬೀಗ ಬಿದ್ದ ಸದ್ದು ಕೇಳಿ ಅಪ್ಪ ಸುತ್ತಿಗೆ ಕೆಳಗಿಟ್ಟು ಗೋಡೆಗೊರಗಿ ಕೂತರು. ಎರಡು ದಿನ ಒಂದು ಏಟೂ ಹಾಕಲಿಲ್ಲ. ಮೂರನೇ ದಿನ ಬೆಳಿಗ್ಗೆ ಬೀಗ ತೆಗೆದ ಸದ್ದಾಯಿತು. ಅಪ್ಪ ಶರ್ಟಿನ ತೋಳು ಮಡಚಿಕೊಂಡರು. ಆತ ಇಲ್ಲದ ದಿನ ಲೆಕ್ಕಕ್ಕಿಲ್ಲ ಎಂದು ರಜೆಯನ್ನು ಇನ್ನೆರಡು ದಿನ ಮುಂದುವರಿಸಿದರು. ಆಗ ನನಗೆ ಅಪ್ಪನ ಬಗ್ಗೆ ಹೆಮ್ಮೆಯೂ ಆಯಿತು, ಒಳಗೊಳಗೇ ಭಯವೂ ಆಯಿತು.

ಹನ್ನೊಂದನೇ ದಿನ ಸಂಜೆ ಆರಕ್ಕೆ ಅಡುಗೆಮನೆಯ ಕೊನೆಯ ಟೈಲ್ ಎದ್ದಿತು. ಅಮ್ಮ ಗೋಡೆ ತೋರಿಸಿ, ಇದನ್ನೂ ಒಂದಿಷ್ಟು ಕೆತ್ತಿ ಎಂದರು. ಅಪ್ಪ ಕೇಳಿಸದವರಂತೆ ಸುತ್ತಿಗೆಯನ್ನು ಒರೆಸಿ, ಗಾರೆ ಕೆಲಸದವನಿಗೆ ಕೊಟ್ಟು ಬಂದರು. ಅವತ್ತಿನಿಂದ ಆ ಮನೆಯಲ್ಲಿ ಕುರ್ಚಿ ಎಳೆದ ಸದ್ದಾದರೂ ಅವರಿಗೆ ಆಗುತ್ತಿರಲಿಲ್ಲ. ಎತ್ತಿ ಇಡಿ ಎಂದು ನಮಗೇ ಗದರುತ್ತಿದ್ದರು. ಅಮ್ಮ ಹದಿನೈದು ದಿನ ಅಪ್ಪನ ಜೊತೆ ಮಾತು ಬಿಟ್ಟರು.

ಹೊಸ ನೆಲ ಹಾಸಲು ನಮಗೆ ಮತ್ತೆ ಮೂರು ವರ್ಷ ಬೇಕಾಯಿತು. ಅಲ್ಲಿಯವರೆಗೆ ತರಿತರಿ ಸಿಮೆಂಟಿನ ಮೇಲೇ ಚಾಪೆ ಹಾಕಿ ಮಲಗಿದೆವು. ಮೊಣಕೈ, ಹಿಮ್ಮಡಿ ಎಲ್ಲ ತರಚು. ಅಷ್ಟರಲ್ಲಿ ಟೈಲ್ಸ್ ಅಂಗಡಿಯವನು ಮನೆಯನ್ನು ಸಿಕ್ಕ ಬೆಲೆಗೆ ಮಾರಿ ಬೇರೆ ಬಡಾವಣೆಗೆ ಹೋದ. ಹೋಗುವವರೆಗೂ ಮೆಟ್ಟಿಲಲ್ಲಿ ಅಪ್ಪ ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದ. ಅಪ್ಪ ನೋಡುತ್ತಲೂ ಇರಲಿಲ್ಲ.

ಈಚೆಗೆ ಒಮ್ಮೆ ಅಮ್ಮನೂ ನಾನೂ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಯಾವ ಮಾತಿಗೂ ಸಂಬಂಧವಿಲ್ಲದೆ ಅಮ್ಮ ಅಂದರು, "ನಿಮ್ಮಪ್ಪ ಹನ್ನೊಂದಕ್ಕೇ ಮುಗಿಸ್ಬಿಟ್ರು. ನನಗೆ ಸಾಕಾಗಿರ್ಲಿಲ್ಲ ಕಣೇ."

ಹೊದಿಕೆಯ ಇನ್ನೊಂದು ತುದಿ ಹಿಡಿದು ಎಳೆಯುತ್ತ, ನನಗೂ ಸಾಕಾಗಿರಲಿಲ್ಲ ಎಂದೆ.