ಗಡಿಯಾರದೊಳಗಿನ ಮರಿ

ಶಿಶುವಿಹಾರದ ಕಿಟಕಿಯ ಪಕ್ಕ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೈ ಮುದುಡಿ ಕೂತಿದ್ದವಳನ್ನು ಎಲ್ಲರೂ ‘ಬರೆಯೋ ಅಕ್ಕ’ ಅನ್ನುತ್ತಿದ್ದರು. ಮಕ್ಕಳು ಹೇಗೆ ಆಡುತ್ತಾರೆಂಬುದು ಅವಳ ಸಂಶೋಧನೆ. ಕೈಗಡಿಯಾರ ನಿಮಿಷಕ್ಕೊಮ್ಮೆ ‘ಕೀಂ’ ಅನ್ನುತ್ತಿತ್ತು. ಆ ಕ್ಷಣ ಯಾವ ಮಗು ಏನು ಮಾಡುತ್ತಿದೆಯೋ ಅದನ್ನಷ್ಟೇ ಗುರುತು ಹಾಕಬೇಕು. ನಡುವೆ ಚಂದ್ರನೇ ಇಳಿದು ಬಂದರೂ ಲೆಕ್ಕಕ್ಕಿಲ್ಲ.

ಆ ನಡುವೆಯೇ ಗುಬ್ಬಿ ಎಂಬ ಪುಟ್ಟ ಹುಡುಗಿ ಅರಳುತ್ತಿದ್ದಳು. ಮರದ ತುಂಡುಗಳನ್ನು ಪೇರಿಸಿ, ಪಕ್ಕದವರಿಗೂ ಒಂದೊಂದು ಕೊಟ್ಟು, ಕಿಲಕಿಲ ನಗುತ್ತಿದ್ದಳು. ಅಕ್ಕ ಗುರುತು ಹಾಕಲು ನೋಡಿದರೆ ಮಾತ್ರ ಗೊಂಬೆಯಂತೆ ನಿಂತಿರುತ್ತಿದ್ದಳು. ನನ್ನನ್ನು ಕಂಡರೆ ನಾಚಿಕೆಯೇನೋ ಅಂದುಕೊಂಡಿದ್ದಳು ಅಕ್ಕ. ಗುಬ್ಬಿಯ ಹಾಳೆಯ ತುಂಬ ಒಂದೇ ಮಾತು: ಒಬ್ಬಳೇ, ಸುಮ್ಮನೆ.

ಟೀಚರ್ ಹಾಳೆ ನೋಡಿ ನಿಟ್ಟುಸಿರಿಟ್ಟರು. “ಜೊತೆಯವರೆಲ್ಲ ದೊಡ್ಡ ಮಕ್ಕಳ ಕೋಣೆಗೆ ಹೋಗ್ತಾರೆ. ಇವಳನ್ನ ಇಲ್ಲೇ ಕೂಸುಗಳ ಜೊತೆ ಉಳಿಸ್ಕೋಬೇಕು ಅಷ್ಟೆ.”

“ನಾನು ನೋಡದೆ ಇರುವಾಗ ಚೆನ್ನಾಗಿ ಆಡ್ತಾಳೆ ಟೀಚರ್.”

“ನೋಡದೆ ಇರುವಾಗ ಆಡಿದ್ದು ನಿಂಗೆ ಹೆಂಗೇ ಕಾಣ್ತು? ಬೆನ್ನಲ್ಲಿ ಕಣ್ಣಿದೆಯಾ?”

ಅಷ್ಟರಲ್ಲಿ ‘ಕೀಂ’ ಅಂತು. ಗುಬ್ಬಿ ಆಟ ಬಿಟ್ಟು ನಿಂತಳು, ಕಿವಿಗೊಟ್ಟಳು. ಆಮೇಲೆ ಏನೋ ನಿರ್ಧರಿಸಿದವಳಂತೆ ಬಂದು, ಗಡಿಯಾರದ ಗಾಜಿನ ಮೇಲೆ ಬಿಸ್ಕತ್ತಿನ ಚೂರೊಂದನ್ನು ಇಟ್ಟಳು.

“ಅಕ್ಕಾ, ಮರಿ ಅಳ್ತಾನೇ ಇದೆ. ನೀನು ಊಟಾನೇ ಹಾಕಲ್ವಾ?”

ಅಕ್ಕನಿಗೆ ಆಗ ಹೊಳೆಯಿತು. ಉಳಿದ ಮಕ್ಕಳು ಕೇಳಿಯೂ ಕೇಳದಂತಿದ್ದ ಸದ್ದು, ಈ ಮಗುವಿನ ಕರುಳಿಗೆ ತಾಗುತ್ತಿತ್ತಲ್ಲ!

“ಈ ಹಾಳೆ ನಂಬಬೇಡಿ ಟೀಚರ್. ಇವಳ ಆಟ ನಿಲ್ಲಿಸ್ತಿದ್ದಿದ್ದೇ ನನ್ನ ಗಡಿಯಾರ. ನಾಳೆ ಸದ್ದಿಲ್ಲದೆ ಕೂರ್ತೀನಿ. ಇವಳೊಬ್ಬಳನ್ನೇ, ಬಂದಾಗಿಂದ ಹೋಗೋವರೆಗೂ ನೋಡ್ತೀನಿ.”

“ನೋಡಮ್ಮ, ನಾಳೆ ಒಂದು ದಿನ,” ಅಂದರು ಟೀಚರ್.

ಮರುದಿನ ಗಡಿಯಾರ ಸುಮ್ಮನಿತ್ತು. ಗುಬ್ಬಿ ಓಡಿಬಂದು ಅದಕ್ಕೆ ಕಿವಿ ಹಚ್ಚಿದಳು. ಮುಖ ಬಾಡಿತು.

“ಮರಿ ಎಲ್ಲಿ?”

“ಹೊಟ್ಟೆ ತುಂಬಿತಲ್ಲ ಪುಟ್ಟಿ, ಮಲಗಿದೆ.”

ಗುಬ್ಬಿಯ ಕಣ್ಣು ಅಗಲವಾದವು. ತಿರುಗಿ, ತುಟಿಯ ಮೇಲೆ ಬೆರಳಿಟ್ಟು, “ಶ್! ಎಲ್ಲಾರೂ ಮೆತ್ತಗೆ ಬನ್ನಿ, ಮರಿಗೆ ಮನೆ ಕಟ್ಟೋಣ,” ಅಂದಳು. ಮಕ್ಕಳೆಲ್ಲ ತುದಿಗಾಲಲ್ಲಿ ಅವಳ ಹಿಂದೆ ಹೊರಟವು.

ಬಾಗಿಲಲ್ಲಿ ನಿಂತಿದ್ದ ಟೀಚರ್ ಕೂಡ ಪಿಸುಗುಟ್ಟಿದರು: “ಆಯ್ತು ಬಿಡೇ, ದೊಡ್ಡ ಕೋಣೆಗೇ ಹೋಗ್ಲಿ. ಬರ್ಕೊಂಡ್ಯಾ?”

ಅಕ್ಕ ಬರೆದಿರಲಿಲ್ಲ. ಮರಿ ಎದ್ದೀತೆಂದು ಅವಳೂ ಉಸಿರು ಬಿಗಿಹಿಡಿದು ಕೂತಿದ್ದಳು.