ಗಂಟಿಲ್ಲದ ಅಂಗಿ

ನಾನೊಂದು ಅಂಗಿ. ಯಾರ ಅಂಗಿ ಎಂದು ಮಾತ್ರ ಕೇಳಬೇಡಿ. ಏಳುನೂರು ವರ್ಷಗಳಿಂದ ಯೋಚಿಸುತ್ತಿದ್ದೇನೆ, ನನಗೇ ಬಗೆಹರಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ತೀರ್ಮಾನ ನೀವೇ ಮಾಡಿ.

ಸ್ಕಾಟ್ಲೆಂಡಿನ ಒಂದು ಹೊಳೆದಂಡೆಯಲ್ಲಿ ನೀಲಿ ಹೂ ಬಿಡುವ ಅಗಸೆ ಗಿಡವಾಗಿ ಹುಟ್ಟಿದೆ. ನನ್ನನ್ನು ಕಿತ್ತರು, ನೀರಿನಲ್ಲಿ ನೆನೆಹಾಕಿದರು, ಬಡಿದರು, ಬಾಚಿದರು. ಉಳಿದ ನಾರನ್ನು ನೂತು, ನೇಯಿಸಿ, ಅಂಗಿಯಾಗಿ ಹೊಲಿದವಳು ಮರಿಯೋಟ. ಅರಮನೆಯ ಬಟ್ಟೆ ಒಗೆಯುವವಳು. ಆಗ ಅವಳಿಗೆ ಎಂಟು ತಿಂಗಳು, ಚೊಚ್ಚಲ ಬಸಿರು.

ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಹೆರಿಗೆಯ ಕೋಣೆಯಲ್ಲಿ ಎಲ್ಲೂ ಗಂಟು ಇರಬಾರದು. ಜಡೆ ಬಿಚ್ಚುತ್ತಿದ್ದರು, ಸೊಂಟದ ದಾರ ಸಡಿಲಿಸುತ್ತಿದ್ದರು, ಪೆಟ್ಟಿಗೆಗಳ ಬೀಗ ಸಹ ತೆಗೆದಿಡುತ್ತಿದ್ದರು. ಎಲ್ಲೋ ಒಂದು ಗಂಟು ಬಿಗಿದಿದ್ದರೆ ಒಳಗೆ ಮಗುವೂ ಬಿಗಿದುಕೊಂಡೀತು ಎಂಬ ಭಯ. ಹಾಗಾಗಿ ಮರಿಯೋಟ ದಾರದ ತುದಿಗೆ ಗಂಟು ಹಾಕದೆ, ಅದನ್ನು ಹಿಂದಕ್ಕೆ ಮಡಚಿ ಹೊಲಿಗೆಯ ಅಡಿಯಲ್ಲೇ ತೂರಿಸಿದಳು. ಎಡಗಂಕುಳಿನ ಹತ್ತಿರ ಬಟ್ಟೆ ಸಾಲದೆ ಹೋದಾಗ ತನ್ನ ಹಳೆಯ ಲಂಗದ ನೀಲಿ ಚೂರೊಂದನ್ನು ತೇಪೆ ಹಾಕಿದಳು. ನನ್ನನ್ನು ತೊಟ್ಟೇ ಮಗಳು ಕ್ರಿಸ್ಟಿನಾಳನ್ನು ಹೆತ್ತಳು.

ಅಲ್ಲಿಗೆ ನಾನು ಮರಿಯೋಟಳ ಅಂಗಿ. ಎಷ್ಟು ಸಲೀಸು! ಆ ಸಲೀಸು ಹದಿನೈದೇ ದಿನ.

ರಾಣಿ ಹೆಲವಿಸಾ ಸಮುದ್ರದಾಚೆಯಿಂದ ಹದಿನಾರನೇ ವಯಸ್ಸಿಗೆ ಮದುವೆಯಾಗಿ ಬಂದವಳು. ಹೆತ್ತ ಮೂರು ಮಕ್ಕಳೂ ಮಠದ ಕಲ್ಲುಹಾಸಿನ ಕೆಳಗೆ ಮಲಗಿದ್ದವು. ನಾಲ್ಕನೆಯ ಹೆರಿಗೆಯ ನೋವು ಶುರುವಾಗಿ ಎರಡು ದಿನವಾದರೂ ಮಗು ಬರಲಿಲ್ಲ. ಸೂಲಗಿತ್ತಿಯ ಕಣ್ಣು ಕೊನೆಗೆ ರಾಣಿಯ ಅಂಗಿಯ ಮೇಲೆ ಬಿತ್ತು. ತವರಿನಿಂದ ಬಂದ ರೇಷ್ಮೆ, ಕತ್ತಿನ ಸುತ್ತ ಚಿನ್ನದ ದಾರದ ಗಂಟು ಕಸೂತಿ.

"ಅಯ್ಯೋ ನಿಮ್ಮ! ಕತ್ತಿಗೆ ನೂರು ಗಂಟು ಕಟ್ಟಿ ಕೂರಿಸಿದೀರಲ್ರೇ! ಹೆಂಗೆ ಬರುತ್ತೆ ಮಗು? ಬಿಚ್ಚಿ ಎಸೀರಿ. ಗಂಟಿಲ್ಲದ್ದೊಂದು ತನ್ನಿ!" ಎಂದು ದಾಸಿಯರ ಮೇಲೆ ಕೂಗಾಡಿದಳು.

ಅರಮನೆಯಲ್ಲಿ ಗಂಟಿಲ್ಲದ ಬಟ್ಟೆ ಎಲ್ಲಿಂದ ಬರಬೇಕು? ಒಗೆದ ಹಾಸುಬಟ್ಟೆ ತಂದು ಬಾಗಿಲಲ್ಲಿ ನಿಂತಿದ್ದ ಮರಿಯೋಟ, ಹಸಿ ಬಾಣಂತಿ, ಮೆಟ್ಟಿಲಿಳಿದು ಓಡಿದಳು. ಬೇಲಿಯ ಮೇಲೆ ಒಣಗುತ್ತಿದ್ದ ನನ್ನನ್ನು ಎಳೆದುಕೊಂಡು ಬಂದಳು. ನನ್ನನ್ನು ತೊಡಿಸಿ ಸ್ವಲ್ಪ ಹೊತ್ತಿಗೇ ಹೆಣ್ಣುಮಗು ಅತ್ತಿತು. ಜೂಲಿಯಾನಾ. ಈ ಮಗು ಬದುಕಿತು.

ಮಾರನೆಯ ದಿನ ಮರಿಯೋಟ ನನ್ನನ್ನು ಒಯ್ಯಲು ಬಂದಾಗ ರಾಣಿ ನನ್ನ ಅಂಚನ್ನು ಬಿಡಲಿಲ್ಲ.

"ಇದನ್ನ ನನ್ನ ಹತ್ರಾನೇ ಬಿಡ್ತೀಯಾ, ಮರಿಯೋಟ?"

"ಒರಟು ಬಟ್ಟೆ, ತಾಯಿ. ನಿಮ್ಮ ಮೈಗೆ ಚುಚ್ಚುತ್ತೆ."

"ಚುಚ್ಚಲಿ ಬಿಡು. ನನ್ನ ಮಗಳು ಹೆರೋ ಹೊತ್ತಿಗೆ ನಾನಿರ್ತೀನೋ ಇಲ್ವೋ. ಅವಳ ಮೈಮೇಲೆ ಇದಿರಬೇಕು. ಮಾತು ಕೊಡು."

ಮರಿಯೋಟ ಮಾತು ಕೊಟ್ಟಳು.

ಮೂರೇ ವರ್ಷಕ್ಕೆ ರಾಣಿ ತೀರಿಕೊಂಡಳು. ಬರಗಾಲದ ಚಳಿಯಲ್ಲಿ ಅರಮನೆಯ ಅಡುಗೆಮನೆಯನ್ನು ಊರಿಗೆಲ್ಲ ತೆರೆದಿಟ್ಟಿದ್ದ ಹೆಂಗಸು. ಜನ ಅವಳನ್ನು ಪುಣ್ಯವಂತೆ ಎಂದರು, ಸಂತಳು ಎಂದರು. ನಾನು ಬೆಳ್ಳಿಪೆಟ್ಟಿಗೆಯಲ್ಲಿ ಮಠ ಸೇರಿದೆ. "ಹೆಲವಿಸಾ ರಾಣಿಯ ಪವಿತ್ರ ಅಂಗಿ!" ಮೈಲಿಗಟ್ಟಲೆ ನಡೆದು ಬಂದವರು ನನ್ನ ಅಂಚಿಗೆ ಮುತ್ತಿಟ್ಟರು. ನನಗೋ ದಿಗಿಲು. ನನ್ನ ನೂಲೆಲ್ಲ ಮರಿಯೋಟಳ ಕೈಯದು. ಹಾಗೆಂದು ರಾಣಿಯ ಬೆವರೂ ಸುಳ್ಳಲ್ಲವಲ್ಲ? ಮುತ್ತು ಯಾರಿಗೆ ಸೇರಬೇಕು? ಮರಿಯೋಟಳೂ ವರ್ಷಕ್ಕೊಮ್ಮೆ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದಳು. ಮುತ್ತಿಡುತ್ತಿರಲಿಲ್ಲ. ಕಂಕುಳಿನ ತೇಪೆ ಬಿಟ್ಟಿದೆಯೋ ಎಂದು ನೋಡಿ ಹೋಗುತ್ತಿದ್ದಳು.

ಇಪ್ಪತ್ತು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಮಠದ ಗಿಲ್ಬರ್ಟ್ ಸ್ವಾಮಿಗಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ಅರಮನೆಗೆ ನಡೆದರು. ಜೂಲಿಯಾನಾಗೆ ಹೆರಿಗೆ ನೋವು. ದಾಸಿಯರು ನನ್ನನ್ನು ಅವಳಿಗೆ ತೊಡಿಸಿದರು. ಸ್ವಾಮಿಗಳು ಬಾಗಿಲಾಚೆ ಜಪಕ್ಕೆ ನಿಂತರು. ಅಷ್ಟರಲ್ಲಿ ಕೆಳಗಿನಿಂದ ಏದುಸಿರು ಬಿಡುತ್ತಾ ಮರಿಯೋಟ ಬಂದಳು.

"ಸ್ವಾಮ್ಯೋರೆ, ಆ ಅಂಗಿ ಒಂದು ಗಳಿಗೆ ಕೊಡಿ. ಕೆಳಗೆ ಬಟ್ಟೆಮನೇಲಿ ನನ್ನ ಮಗಳು ಒದ್ದಾಡ್ತಾವಳೆ. ಮಗು ಅಡ್ಡ ತಿರುಗೈತೆ."

"ಹುಚ್ಚು ಹಿಡೀತೇನಮ್ಮಾ? ಅದು ರಾಣಿಯವರ ಅಂಗಿ."

"ನಂದು ಸ್ವಾಮಿ ಅದು! ನಾನೇ ಹೊಲಿದದ್ದು. ಎಡಗಂಕುಳಲ್ಲಿ ನೀಲಿ ತೇಪೆ ಐತೆ, ಬೇಕಾದ್ರೆ ನೋಡ್ಕೊಳ್ಳಿ."

ಸ್ವಾಮಿಗಳ ಮುಖ ಬಿಳಿಚಿತು. ಆ ತೇಪೆಯನ್ನು ಅವರು ಎಷ್ಟೋ ಸಲ ಕಂಡಿದ್ದರು. ರಾಣಿಯ ಅಂಗಿಗೆ ತೇಪೆ ಯಾಕೆ ಎಂದು ಯಾರನ್ನೂ ಕೇಳುವ ಧೈರ್ಯ ಆಗಿರಲಿಲ್ಲ. ತೆರೆದ ಬಾಗಿಲಿನಿಂದ ಈ ಮಾತೆಲ್ಲ ಜೂಲಿಯಾನಾಳ ಕಿವಿಗೂ ಬಿದ್ದಿತ್ತು. ಅವಳು ನನ್ನನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ತಾಯಿಯ ಮುಖ ನೆನಪಿಲ್ಲದ ಹುಡುಗಿ. ತಾಯಿ ಎಂದರೆ ಅವಳಿಗೆ ನಾನೇ.

"ನಿಜ ಹೇಳು, ಮರಿಯೋಟಮ್ಮ. ಇದು ನಮ್ಮಮ್ಮಂದು ಅಲ್ವಾ?"

ಮರಿಯೋಟ ಒಳಗೆ ಬಂದಳು. ನನ್ನನ್ನು ನೋಡಿದಳು. ಕೆಳಗಿನಿಂದ ಕ್ರಿಸ್ಟಿನಾಳ ಕೂಗು ಕೇಳಿಸಿತು. ಮರಿಯೋಟಳ ಕೈ ನನ್ನತ್ತ ಬಂತು. ಈಗ ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ. ಆ ಕೈ ನನ್ನ ಕೊರಳಪಟ್ಟಿಯನ್ನು ನೇರ ಮಾಡಿತು, ಅಷ್ಟೇ.

"ನಿಮ್ಮಮ್ಮಂದೇ ಕಂದಾ. ನಿನಗೇ ಅಂತ ಇಟ್ಟುಹೋದ್ರು. ನಾನು ಬರೀ ಒಗೆದು ಕೊಡ್ತಿದ್ದವಳು. ಹೂಂ, ಉಸಿರು ತಗೋ."

ಮತ್ತೆ ಬರಿಗೈಯಲ್ಲಿ ಇಳಿದು ಹೋದಳು. ಮಧ್ಯಾಹ್ನದ ಹೊತ್ತಿಗೆ ಜೂಲಿಯಾನಾಗೆ ಗಂಡುಮಗು. ಎಲ್ಲರೂ ಹಿಗ್ಗಿದರು. ನನ್ನ ಜೀವ ಮಾತ್ರ ಕೆಳಗಿತ್ತು. ಕ್ರಿಸ್ಟಿನಾ ಕೂಡ ನನ್ನೊಳಗೇ ಹುಟ್ಟಿದವಳಲ್ಲವೇ?

ಮಾರನೆಯ ದಿನ ನನ್ನನ್ನು ಒಗೆಯಲು ಕೆಳಗೆ ಕಳಿಸಿದರು. ತೊಟ್ಟಿಯಲ್ಲಿ ಇನ್ನೊಂದು ಒರಟು ಅಂಗಿ ಆಗಲೇ ನೆನೆಯುತ್ತಿತ್ತು. ಮೂಲೆಯಲ್ಲಿ ಕ್ರಿಸ್ಟಿನಾ ಹುಲ್ಲಿನ ಮೇಲೆ ಮಲಗಿದ್ದಳು, ಮಗ್ಗುಲಲ್ಲಿ ಮಗು. ಬದುಕಿದ್ದಳು!

"ಅವ್ವಾ, ರಾಣಿ ಅಂಗಿ ಹಾಕಿದ ತಕ್ಷಣ ನೋವು ಹಗುರ ಆಯ್ತು ಕಣೆ. ಸೂಲಗಿತ್ತಿ ಹೊಟ್ಟೆ ನೀವುತಾ ಇದ್ದಂಗೆ ಮಗು ತಿರುಗ್ತು" ಎಂದಳು ಅವಳು.

"ಆಗದೆ ಏನು" ಎಂದಳು ಮರಿಯೋಟ, ಬಟ್ಟೆಯ ಮೇಲೆ ಬಗ್ಗಿ. ಮತ್ತೆ ನನಗೊಬ್ಬಳಿಗೇ ಕೇಳುವಂತೆ ಗೊಣಗಿದಳು. "ನನ್ನ ಮೈಮೇಲಿದ್ದದ್ದನ್ನೇ ಬಿಚ್ಚಿ ಹಾಕ್ದೆ. ಅದರಲ್ಲಿ ಹತ್ತು ಗಂಟು ಇದ್ವು. ಯಾವ ಗಂಟೂ ಅಡ್ಡ ಬರ್ಲಿಲ್ಲ ನೋಡು."

ನನ್ನ ತಲೆ ಕೆಟ್ಟುಹೋಯಿತು. ಗಂಟಿಲ್ಲದ್ದಕ್ಕೇ ತಾನೇ ನನಗಿಷ್ಟು ಮರ್ಯಾದೆ? ಹಾಗಾದರೆ ನಾನು ಮಾಡಿದ್ದೇನು?

ಸಂಜೆಗೆ ಗಿಲ್ಬರ್ಟ್ ಸ್ವಾಮಿಗಳು ಪೆಟ್ಟಿಗೆ ಹಿಡಿದು ಬಂದರು. ಮರಿಯೋಟ ಮಡಚಿದ ಅಂಗಿಯೊಂದನ್ನು ಅದರೊಳಗಿಟ್ಟಳು. ಇಟ್ಟದ್ದು ನನ್ನನ್ನಲ್ಲ. ನಾನು ಕ್ರಿಸ್ಟಿನಾಳ ಹೊದಿಕೆಯ ಕೆಳಗಿದ್ದೆ. ಸ್ವಾಮಿಗಳು ಮಡಿಕೆ ಬಿಡಿಸಿ ಎಡಗಂಕುಳನ್ನು ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು.

"ತೇಪೆ ಎಲ್ಲಮ್ಮಾ?"

"ಒಗೆದೆ ಸ್ವಾಮಿ. ಹೋಯ್ತು."

"ಒಗೆದ್ರೆ ತೇಪೆ ಹೋಗುತ್ತಾ?"

"ಕೊಟ್ಟ ಮಾತು ತೀರಿಸಿದ್ದೀನಿ. ರಾಣಿಯಮ್ಮ ಮಗಳ ಮಟ್ಟಿಗೆ ಕೇಳಿದ್ರು, ಮಗಳ ಮಟ್ಟಿಗೆ ಕೊಟ್ಟೆ. ಇನ್ನು ಅದರ ಪಾಡಿಗೆ ಅದನ್ನ ಬಿಡಿ."

ಸ್ವಾಮಿಗಳು ಬಿಡಿಸಿದ್ದನ್ನು ಮೊದಲಿನಂತೆಯೇ ಮಡಚಿದರು. ಆಮೇಲೆ ಹತ್ತು ಗಂಟಿನ ಆ ಅಂಗಿಗೆ ಭಕ್ತಿಯಿಂದ ಮುತ್ತಿಟ್ಟು ಪೆಟ್ಟಿಗೆ ಮುಚ್ಚಿದರು.

ಜೂಲಿಯಾನಾಳ ಮಗ ರಾಜನಾದ. ಅವನ ಹೆಣ್ಣುಮಕ್ಕಳು ಬೇರೆ ಬೇರೆ ದೇಶಗಳಿಗೆ ರಾಣಿಯರಾಗಿ ಹೋದರು. ಹೆರಿಗೆ ಬಂದಾಗಲೆಲ್ಲ ಬೆಳ್ಳಿಪೆಟ್ಟಿಗೆ ಹಡಗು ಹತ್ತುತ್ತಿತ್ತಂತೆ. ಹೆಲವಿಸಾಳನ್ನು ಒಮ್ಮೆಯೂ ಮುಟ್ಟದ ಅಂಗಿಯನ್ನು ಹಿಡಿದುಕೊಂಡು ಅವಳ ವಂಶ ಬೆಳೆಯಿತು. ಅವಳ ಮೈ ಮುಟ್ಟಿದ ನಾನು ಗಿರಣಿ ಮನೆಗೆ, ಕಮ್ಮಾರನ ಮನೆಗೆ, ಕುರಿ ಕಾಯುವವರ ಗುಡಿಸಲಿಗೆ ಅಲೆದೆ. "ಮರಿಯೋಟಜ್ಜಿ ಅಂಗಿ ಇಸ್ಕೊಂಡು ಬನ್ನಿ" ಎನ್ನುತ್ತಿದ್ದರು. ಎಷ್ಟು ಮಕ್ಕಳೋ, ಲೆಕ್ಕ ಇಟ್ಟಿಲ್ಲ. ಕೆಲವು ಅಳಲೇ ಇಲ್ಲ; ಅವನ್ನೂ ನನ್ನಲ್ಲೇ ಒರೆಸಿದರು. ತೋಳು ಹರಿದು ಕೂಸಿನ ಬಟ್ಟೆಯಾಯಿತು, ಅಂಚು ದೀಪದ ಬತ್ತಿಯಾಯಿತು. ಉಳಿದದ್ದು ಎಡಗಂಕುಳಿನ ಒಂದು ತುಂಡು. ಯಾರೋ ಅದನ್ನು ಗಿರಣಿಯ ಗೋಡೆಯ ಸಂದಿಗೆ ತುರುಕಿದರು.

ಈಚೆಗೆ ಗೋಡೆ ಒಡೆದರು. ಈಗ ನಾನು ವಸ್ತುಸಂಗ್ರಹಾಲಯವೊಂದರ ಡ್ರಾಯರಿನಲ್ಲಿದ್ದೇನೆ. ಮೇಲಿನ ಅಂತಸ್ತಿನಲ್ಲಿ ಗಾಜಿನೊಳಗೆ ಅವಳಿದ್ದಾಳೆ, ಹತ್ತು ಗಂಟಿನವಳು. ರಾಣಿ ಎಂಥ ಸರಳಜೀವಿ, ಎಷ್ಟು ಒರಟು ಬಟ್ಟೆ ಉಡುತ್ತಿದ್ದಳು ಎಂದು ಅಲ್ಲಿ ಬರೆದಿದ್ದಾರಂತೆ. ಬಸುರಿಯರು ಈಗಲೂ ಬಂದು ಗಾಜಿಗೆ ಅಂಗೈ ಒತ್ತುತ್ತಾರಂತೆ. ಅದು ಸುಳ್ಳೆಂದು ಕೂಗಿ ಹೇಳೋಣವೆನ್ನಿಸುತ್ತದೆ ಒಮ್ಮೊಮ್ಮೆ. ಕ್ರಿಸ್ಟಿನಾ ಬದುಕಿದ್ದು ನೆನಪಾಗುತ್ತದೆ, ಸುಮ್ಮನಾಗುತ್ತೇನೆ.

ನನಗೊಂದು ಚೀಟಿ ಬರೆದಿದ್ದಾರೆ: "ಬಟ್ಟೆಯ ಚೂರು, ಯಾರದೆಂದು ತಿಳಿದಿಲ್ಲ." ಸರಿಯಾಗಿಯೇ ಬರೆದಿದ್ದಾರೆ. ಬರೆದ ಹೆಣ್ಣುಮಗಳಿಗೆ ಏಳು ತಿಂಗಳಿರಬೇಕು, ಮೇಜಿಗೆ ಹೊಟ್ಟೆ ತಾಗುತ್ತಿತ್ತು. ಚೀಟಿಯ ದಾರವನ್ನು ನನಗೆ ಪೋಣಿಸಿ ಇನ್ನೇನು ಬಿಗಿಯಬೇಕು, ಕೈ ನಿಂತಿತು. ಭೂತಗನ್ನಡಿ ತಂದು ಹೊಲಿಗೆಯ ಉದ್ದಕ್ಕೂ ನೋಡಿದಳು, ಹಿಂದಕ್ಕೆ ಮಡಚಿ ತೂರಿಸಿದ ಮರಿಯೋಟಳ ದಾರದ ತುದಿಯವರೆಗೂ.

"ಒಂದು ಗಂಟೂ ಇಲ್ವಲ್ಲ" ಎಂದಳು ತನ್ನಷ್ಟಕ್ಕೇ.

ಪೋಣಿಸಿದ ದಾರವನ್ನು ಮೆಲ್ಲಗೆ ಹೊರಗೆಳೆದಳು. ಚೀಟಿಯನ್ನು ಪಕ್ಕದಲ್ಲಿ ಸುಮ್ಮನೆ ಇಟ್ಟಳು. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಡ್ರಾಯರನ್ನು ತಳ್ಳಿದಳು.