ಮೊದಲು ಹೊಸಿಲು ದಾಟಿದವರು

ಗಂಡ ಹೆಂಡತಿ ಜೋರಾಗಿ ಜಗಳವಾಡಿದರೆ ಓಣಿಗೆ ಓಣಿಯೇ ಕಿವಿ ನಿಮಿರಿಸುತ್ತದೆ. ಆದರೆ ಈ ಮನೆಯಲ್ಲಿ ಜಗಳದ ಸದ್ದೇ ನಿಂತುಹೋಗಿತ್ತು. ಗಂಡ ವೆಲ್ಡಿಂಗ್ ಕೆಲಸದವನು, ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಹೊಡೆತ ಬಡಿತವೇನೂ ಇರಲಿಲ್ಲ. ವರ್ಷಗಟ್ಟಲೆ ಒಬ್ಬರನ್ನೊಬ್ಬರು ಕುಟುಕಿ ಕುಟುಕಿ ಮನಸ್ಸು ಮುರಿದುಹೋಗಿತ್ತು, ಅಷ್ಟೆ. ಇನ್ನು ಜೊತೆಯಲ್ಲಿ ಬಾಳಲಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಇಬ್ಬರೂ ಆ ಮನೆ ಬಿಟ್ಟು ಕದಲಲಿಲ್ಲ.

ಯಾಕಂತೀರಾ? ಎದುರುಮನೆ ದೊಡ್ಡಪ್ಪನ ಉಪದೇಶ! ಎಲ್ಲರ ಸಂಸಾರದ ಭಾರವೂ ತನ್ನ ತಲೆಯ ಮೇಲೇ ಇದೆ ಎಂದುಕೊಂಡ ಮನುಷ್ಯ ಅವನು. ಒಂದು ದಿನ ಅವಳನ್ನು ಕರೆದು, "ನೋಡಮ್ಮ, ಮೊದಲು ಯಾರು ಹೊಸಿಲು ದಾಟ್ತಾರೋ ಅವರಿಗೆ ಮಗು ಸಿಗಲ್ಲ. ಕಾನೂನೇ ಹಾಗಿದೆ. ಜಪ್ಪಯ್ಯ ಅಂದ್ರೂ ಕದಲಬೇಡ," ಎಂದು ಪಿಸುಗುಟ್ಟಿದ. ಇದೇ ಗುಟ್ಟನ್ನು ಆ ಪುಣ್ಯಾತ್ಮ ಅವಳ ಗಂಡನ ಕಿವಿಗೂ ಊದಿದ್ದ.

ಇಬ್ಬರಿಗೂ ಜೀವವೆಂದರೆ ಮಗಳು ಪುಟ್ಟಿ. ಎರಡನೇ ಕ್ಲಾಸಿನ ಹುಡುಗಿ. ಅವಳು ಕೈತಪ್ಪಿ ಹೋದಾಳೆಂಬ ಭಯಕ್ಕೆ ಮನೆಯನ್ನೇ ಎರಡು ಪಾಲು ಮಾಡಿಕೊಂಡರು. ಮುಂದಿನ ಕೋಣೆ ಅವನಿಗೆ, ಅಡುಗೆಮನೆಯ ಕಡೆ ಅವಳಿಗೆ, ನಡುವೆ ಹಳೇ ಬೆಡ್‌ಶೀಟಿನ ಪರದೆ. ಮಾತಿಲ್ಲ, ಕತೆಯಿಲ್ಲ. ಏನು ಹೇಳಬೇಕಾದರೂ ಪುಟ್ಟಿಯ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು.

ಒಂದು ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಳು. ಪರದೆಯಾಚೆಯಿಂದ ಗಂಡನ ದನಿ ಕೇಳಿಸಿತು: "ಹೋಗಿ ಹೇಳು ನಿಮ್ಮಮ್ಮಂಗೆ, ಅವಳ ಮುಖ ನೋಡಿದ್ರೆ ನಂಗೆ ಊಟ ಸೇರಲ್ಲ ಅಂತ."

ಪುಟ್ಟಿ ಈಚೆ ಬಂದಳು. "ಅಮ್ಮ, ನಿಂದು ಊಟ ಆಯ್ತಾ ಅಂತ ಅಪ್ಪ ಕೇಳ್ತಿದ್ರು."

ಹೆಚ್ಚುವ ಕೈ ಅಲ್ಲೇ ನಿಂತಿತು. "ಹಾಗಂದ್ರಾ?"

"ಹೂಂ. ನೀನು ತುಂಬಾ ಸುಸ್ತಾಗಿದೀಯ, ಪಾಪ ಅಂತಾನೂ ಅಂದ್ರು."

ಮಗುವಿನ ಮುಖ ಒಂದಿಷ್ಟೂ ಅಳುಕಲಿಲ್ಲ. ಎಷ್ಟು ದಿನದಿಂದ ಹೀಗೆ ವಿಷವನ್ನೆಲ್ಲ ತಾನೇ ನುಂಗಿ ಸಿಹಿಮಾತು ಕಟ್ಟಿ ಹೇಳುತ್ತಿದೆಯೋ! ಅವಳು ಚಾಕು ಕೆಳಗಿಟ್ಟಳು. ಮಗಳನ್ನು ಎಳೆದು ಅಪ್ಪಿಕೊಂಡಳು.

ಮಾರನೇ ದಿನ ಲಾಂಡ್ರಿಯಲ್ಲಿ ಪಕ್ಕದ ಮೇಜಿನ ಅಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಆ ಅಕ್ಕನೂ ಹಿಂದೆ ವಿಚ್ಛೇದನ ಪಡೆದವಳೇ.

"ಮನೆ ಬಿಟ್ರೆ ಮಗು ಕೈಬಿಟ್ಟು ಹೋಗುತ್ತಂತೆ ಅಕ್ಕ. ಏನು ಮಾಡ್ಲಿ?"

"ಯಾವ ವಕೀಲರು ಹೇಳಿದ್ರು?"

"ಎದುರುಮನೆ ದೊಡ್ಡಪ್ಪ."

"ಅಯ್ಯೋ ನಿನ್ನ! ಹಲ್ಲು ನೋವಾದ್ರೂ ದೊಡ್ಡಪ್ಪನ ಹತ್ರಾನೇ ಕೀಳಿಸ್ಕೋತೀಯೇನೇ? ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವು ಕೇಂದ್ರ ಇದೆ. ನಂಗೆ ದಾರಿ ತೋರಿಸಿದ್ದೇ ಅವರು."

"ಬಿಟ್ಟಿ ಹೇಳೋರು ಸರಿಯಾಗಿ ಹೇಳ್ತಾರಾ?"

"ದೊಡ್ಡಪ್ಪ ಹೇಳಿದ್ದೂ ಬಿಟ್ಟೀನೇ. ಅದನ್ನ ಕಣ್ಣಿಗೊತ್ಕೊಂಡೆಯಲ್ಲ!"

"ಕೋರ್ಟು ಮೆಟ್ಟಿಲು ಹತ್ತಿದ್ಲು ಅಂತ ನಾಲ್ಕು ಜನ ಆಡ್ಕೊಳಲ್ವಾ?"

"ವಿಚಾರಿಸೋಕೆ ಹೋದ್ರೆ ಕೇಸು ಹಾಕಿದ ಹಾಗಲ್ಲ ಕಣೇ. ಆಡ್ಕೊಳೋರು ನಿನ್ನ ಮಗಳನ್ನ ಸಾಕ್ತಾರಾ? ನಡಿ, ನಾನೂ ಬರ್ತೀನಿ."

ಕೇಂದ್ರದಲ್ಲಿದ್ದ ವಕೀಲೆ ಅವಸರ ಮಾಡದೆ ಕೇಳಿಸಿಕೊಂಡರು. "ಮನೆಯಿಂದ ಹೊರಗೆ ಹೋದ ಮಾತ್ರಕ್ಕೆ ತಾಯಿಗಾಗ್ಲಿ ತಂದೆಗಾಗ್ಲಿ ಮಗು ತಪ್ಪಿಹೋಗಲ್ಲಮ್ಮ. ಮಗುವಿಗೆ ಯಾವುದು ಒಳ್ಳೇದು ಅನ್ನೋದೇ ಮುಖ್ಯ. ಆದ್ರೆ ದುಡುಕಬೇಡಿ, ಕೇಳ್ಕೊಂಡು ಹೆಜ್ಜೆ ಇಡಿ. ಅರ್ಥವಾಗದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಯಜಮಾನರ ಭಯ ಏನಾದ್ರೂ ಇದ್ಯಾ ನಿಮಗೆ?"

"ಇಲ್ಲ ಮೇಡಂ."

"ಇದ್ದಿದ್ರೆ ಎದುರುಬದುರು ಕೂರಿಸ್ತಿರಲಿಲ್ಲ, ಅದಕ್ಕೆ ಬೇರೆ ದಾರಿ ಇದೆ. ಭಯ ಇಲ್ಲ ಅಂದಮೇಲೆ ಅವರನ್ನೂ ಕರೆಸೋಣ."

ಗಂಡ ಗೊಣಗುತ್ತಲೇ ಬಂದ. ಪುಟ್ಟಿಯಿಲ್ಲದೆ ಮಾತಾಡಿ ಎಷ್ಟೋ ಕಾಲವಾಗಿತ್ತು. ಅವಳು ಆ ಸಂಜೆಯ ಸಂಗತಿ ಹೇಳಿದಾಗ ಅವನ ಮುಖ ಬಿಳಿಚಿಕೊಂಡಿತು.

"ಮತ್ತೆ ನೀನು? ಬೇಗ ಮನೆಗೆ ಬನ್ನಿ ಅಂತ ನಂಗೆ ಹೇಳಿ ಕಳಿಸ್ತಿದ್ದೆಯಲ್ಲ?"

"ನಾನು ಹೇಳಿ ಕಳಿಸಿದ್ದು, ಬರದೇ ಹೋದ್ರೂ ನಂಗೇನೂ ಇಲ್ಲ ಅಂತ."

ಅವನು ತಲೆ ತಗ್ಗಿಸಿದ. "ಅದನ್ನ ನಂಬ್ಕೊಂಡು ದಿನಾ ಬೇಗ ಬರ್ತಿದ್ದೆ ಕಣೇ," ಎಂದವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳಿಗೂ ಅಳು ತಡೆಯಲಾಗಲಿಲ್ಲ. ಆದರೆ ಮುರಿದ ಮನಸ್ಸು ಆ ಕಣ್ಣೀರಿಗೆ ಕೂಡಿಕೊಳ್ಳಲಿಲ್ಲ. ಇಬ್ಬರೂ ಅತ್ತದ್ದು ಮಗಳಿಗಾಗಿ.

ಮನೆ ಬಿಟ್ಟ ಮಾತ್ರಕ್ಕೆ ಮಗು ತಪ್ಪಿಹೋಗಲ್ಲ ಎಂದು ವಕೀಲೆ ಅವನಿಗೂ ಬಿಡಿಸಿ ಹೇಳಿದರು. ಅವರ ಎದುರು ಕೂತು ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬಂದರು. ಅವನು ವರ್ಕ್‌ಶಾಪಿನ ಹತ್ತಿರ ಬಾಡಿಗೆ ಕೋಣೆ ಹಿಡಿಯುವುದು, ಪುಟ್ಟಿ ತಾಯಿಯ ಹತ್ತಿರ ಇರುವುದು, ರಜಾದಿನ ಅಪ್ಪನ ಜೊತೆ ಕಳೆಯುವುದು. ವಿಚ್ಛೇದನವನ್ನು ಕಾನೂನಿನ ಪ್ರಕಾರವೇ ಪಡೆಯುವುದು ಎಂದೂ ಆಯಿತು. ಗೆದ್ದೆನೆಂಬ ಖುಷಿ ಯಾರಿಗೂ ಇರಲಿಲ್ಲ.

ಅವನು ಪೆಟ್ಟಿಗೆ ಎತ್ತಿಕೊಂಡು, ಮಗಳ ತಲೆ ಸವರಿ ಹೊರಟ. ಓಣಿಯ ತಿರುವಿನಲ್ಲಿ ಅಪ್ಪ ಮರೆಯಾಗುವವರೆಗೂ ನೋಡುತ್ತಿದ್ದ ಪುಟ್ಟಿ ಕೇಳಿದಳು: "ಅಮ್ಮ, ಇನ್ಮೇಲೆ ನಾನು ಯಾರಿಗೂ ಏನೂ ಹೇಳೋದು ಬೇಡ್ವಾ?"

"ಬೇಡ ಮಗಳೇ. ನಮ್ಮ ಮಾತು ನಾವೇ ಆಡ್ಕೋತೀವಿ."

ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಅಳಬೇಡ ಎಂದು ತಾಯಿ ಹೇಳಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾನೂ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ಸಂಸಾರ ಮುರಿಯುವ ದುಃಖವನ್ನು ಯಾವ ಕೇಂದ್ರವೂ ಇಲ್ಲವಾಗಿಸಲಾರದು. ಆದರೆ ತಿಳಿಯದೆ ಪಡುವ ಕಷ್ಟವನ್ನು ತಪ್ಪಿಸಬಹುದು. ಬೇರೆಯಾಗುವ ಹೊತ್ತು ಬಂದರೆ ಓಣಿಯ ಮಾತು ನಂಬಿ ಕೂರಬೇಡಿ. ನಿಮ್ಮ ಹತ್ತಿರದ ಉಚಿತ ಕಾನೂನು ನೆರವು ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಒಬ್ಬರೇ ಹೋಗಲು ಅಳುಕಾದರೆ ನಂಬಿಕೆಯವರನ್ನು ಕರೆದುಕೊಂಡು ಹೋಗಿ. ಹೊಡೆತ, ಬೆದರಿಕೆ ಇದ್ದರಂತೂ ಕಾಯಬೇಡಿ, ಪೊಲೀಸರಿಗೋ ಸಹಾಯವಾಣಿಗೋ ಕೂಡಲೇ ಫೋನ್ ಮಾಡಿ. ಮತ್ತೆ, ದಯವಿಟ್ಟು, ನಿಮ್ಮ ಸಿಟ್ಟಿನ ಮಾತನ್ನು ಮಗುವಿನ ಬಾಯಲ್ಲಿ ಹೇಳಿ ಕಳಿಸಬೇಡಿ.